ಕೀ ಕೊಟ್ಟೆ, ಗುಟ್ಟು ಕೊಡಲಿಲ್ಲ

1

ಎಲ್ಲಿಂದ ಶುರು ಮಾಡಲಿ ಹೇಳಿ.

ಕಳ್ಳನಿಂದ ಶುರು ಮಾಡಿದರೆ ನೀವು ಕಣ್ಣು ಬಿಟ್ಕೊಂಡು ಓದ್ತೀರ. ಸೊಸೆಯಿಂದ ಶುರು ಮಾಡಿದರೆ ‘ಓಹೋ, ಅತ್ತೆ-ಸೊಸೆ ಜಗಳ’ ಅಂತ ಪುಟ ಮಗುಚ್ತೀರ. ಕಾರಿನಿಂದ ಶುರು ಮಾಡಿದರೆ ಗಂಡಸರು ಓದ್ತಾರೆ, ಓದಿ ‘ಮೈಲೇಜ್ ಎಷ್ಟು’ ಅಂತಾರೆ. ನನ್ನಿಂದಲೇ ಶುರು ಮಾಡೋಣ ಅಂದರೆ ಕಾಗದ ಸಾಲಲ್ಲ, ಲೋಕದಲ್ಲಿರೋ ಮರ ಅಷ್ಟೂ ಕಡಿಸಬೇಕಾಗುತ್ತೆ.

ಇರಲಿ. ಕಳ್ಳನಿಂದಲೇ ಶುರು ಮಾಡ್ತೀನಿ. ನಿಮಗೂ ಖುಷಿ, ನನಗೂ ಖುಷಿ.

‘ಅದು ಅಮಾವಾಸ್ಯೆಯ ಕಗ್ಗತ್ತಲು. ಏಳು ನಾಯಿ ಒಟ್ಟಿಗೆ ಊಳಿಟ್ಟವು. ಆರೂವರೆ ಅಡಿ ಎತ್ತರದ, ಕೆಂಗಣ್ಣಿನ, ಗಿರಿಜಾ ಮೀಸೆಯ ಒಬ್ಬ ಆಳು ಕಲ್ಲೆತ್ತಿ ಕಾರಿನ ಗಾಜನ್ನ ಫಳಾರ್ ಅಂತ ಒಡೆದ...’

“ಅಜ್ಜಿ.”

ನೋಡಿದ್ರಾ? ಕಥೇಲಿ ಇನ್ನೂ ಕಾರೊಳಗೆ ಕೂತಿಲ್ಲ, ಆಗಲೇ ಬಾಯಿ ಹಾಕ್ತಾನೆ. ಇವನೇ ಕಳ್ಳ.

“ಅಜ್ಜಿ, ನಾನು ಐದಡಿ ಚಿಲ್ಲರೆ. ಮೀಸೆ ಇಲ್ಲ. ಆವತ್ತು ಮಧ್ಯಾಹ್ನ, ಉರಿ ಬಿಸಿಲು. ಇದ್ದದ್ದು ಒಂದು ನಾಯಿ, ಅದೂ ಮಲಗಿತ್ತು. ಗಾಜು ಇವತ್ತಿಗೂ ನೆಟ್ಟಗಿದೆ. ಕೀ ಹೇಗೆ ಬಂತು ಅಂತ ಹೇಳಿಬಿಡಿ, ನಿಮ್ಮ ಕಥೆ ತಾನಾಗೇ ನಡೆಯುತ್ತೆ.”

“ಸುಮ್ನಿರೋ. ಹೇಳೋಳು ನಾನಾ, ನೀನಾ?”

(ಅವನು ಹೇಳಿದ್ದು ನಿಜ. ಆದರೆ ನಿಜ ಯಾವಾಗಲೂ ಎಷ್ಟು ಕುಳ್ಳಗಿರುತ್ತೆ ನೋಡಿ. ಐದಡಿ ಚಿಲ್ಲರೆ.)

ಬರೆದಿದ್ದನ್ನ ಹೊಡೆದು ಹಾಕಿದೆ. ಇನ್ನೊಂದು ಸಲ.

2

ನನ್ನ ಸೊಸೆ ಕಾರಿನ ಡಾಕ್ಟರು. ಸ್ಪ್ಯಾನರ್ ಹಿಡಿದು ಕಾರಿನ ಕೆಳಗೆ ನುಗ್ಗೋ ಡಾಕ್ಟರಲ್ಲ, ಲ್ಯಾಪ್‌ಟಾಪ್ ತೊಡೆ ಮೇಲಿಟ್ಕೊಳ್ಳೋ ಡಾಕ್ಟರು. ಈಗಿನ ಕಾರಿಗೆಲ್ಲ ಇಂಜಿನ್ ನೋಡ್ಕೊಳ್ಳೋಕೆ ಅಂತಲೇ ಒಂದು ಪುಟ್ಟ ಕಂಪ್ಯೂಟರ್ ಇರುತ್ತಂತೆ. ಎಷ್ಟು ಪೆಟ್ರೋಲ್ ಬಿಡಬೇಕು, ಯಾವಾಗ ಕಿಡಿ ಹೊತ್ತಿಸಬೇಕು, ಎಲ್ಲಾ ಅದರದೇ ಹುಕುಂ. ಆಕ್ಸಿಲರೇಟರ್ ಒತ್ತೋದು ನಮ್ಮ ಕಾಲು ಹೌದು, ಆದರೆ ಅದು ಬರೀ ಅರ್ಜಿ. ಮಂಜೂರು ಮಾಡೋದು ಕಂಪ್ಯೂಟರು.

(ನಮ್ಮನೇಲೂ ಹಾಗೇ. ಅರ್ಜಿ ನಂದು, ಮಂಜೂರಾತಿ ಸೊಸೇದು. ಮಗ ಅನ್ನೋನೊಬ್ಬ ಮನೇಲಿದಾನೆ, ಈ ಕಥೇಲೂ ಇದಾನೆ, ಆದರೆ ಮಾತಾಡಲ್ಲ. ಅವನ ಬಾಯಿ ತೆರೆಯೋದು ಊಟಕ್ಕೆ, ಆಕಳಿಕೆಗೆ. ನನ್ನ ಹೊಟ್ಟೇಲಿ ಹುಟ್ಟಿ ಹಾಗಾದ ಅಂದರೆ ಆಸ್ಪತ್ರೇಲಿ ಅದಲು ಬದಲಾಗಿರಬೇಕು.)

ನಮ್ಮ ಬೀದೀಲಿ ಕಾರು ಕಳವು ಜಾಸ್ತಿ ಆಯ್ತು. ಸಂಜೆ ಇದ್ದ ಕಾರು ಬೆಳಿಗ್ಗೆ ಇಲ್ಲ. ಇದ್ದ ಜಾಗದಲ್ಲಿ ಒಂದು ಎಣ್ಣೆ ಕಲೆ, ಅಷ್ಟೇ. ಆಗ ಸೊಸೆ ಒಂದು ಬೀಗ ಹಾಕೋಕೆ ಶುರು ಮಾಡಿದ್ಲು. ಬೀಗ ಅಂದರೆ ಪೆಟ್ಟಿಗೆ ಅಲ್ಲ, ಸರಪಳಿ ಅಲ್ಲ, ಹೊಸದಾಗಿ ಒಂದು ವೈರ್ ಕೂಡ ಇಲ್ಲ. ಸ್ಟೇರಿಂಗ್ ಕೆಳಗೆ ಒಂದು ಸಾಕೆಟ್ ಇದೆ. ಅದಕ್ಕೆ ಲ್ಯಾಪ್‌ಟಾಪಿನ ವೈರ್ ಚುಚ್ಚಿ, ಇಂಜಿನ್ ಕಂಪ್ಯೂಟರಿನ ಕಿವೀಲಿ ಏನೋ ಊದಿ ಬರ್ತಾಳೆ. ಕಳ್ಳ ಹುಡುಕಿ ಕತ್ತರಿಸೋಣ ಅಂದರೆ ಕತ್ತರಿಸೋಕೆ ಏನೂ ಇಲ್ಲ. ಗುಟ್ಟೆಲ್ಲಾ ಕಾರಿನ ತಲೆಯೊಳಗೆ.

“ಹೇಗೆ ಕೆಲಸ ಮಾಡುತ್ತೆ ಹೇಳೇ” ಅಂತ ಪ್ರಾಣ ತಿಂದೆ.

“ಕೀ ಹಾಕಿದರೆ ಸ್ಟಾರ್ಟ್ ಆಗುತ್ತೆ ಅತ್ತೆ. ಆಮೇಲೆ ಕಾರಲ್ಲಿ ಆಗಲೇ ಇರೋ ಸ್ವಿಚ್ಚು, ಸ್ಟೇರಿಂಗ್ ಪಕ್ಕದ ಕಡ್ಡಿ, ಪೆಡಲ್, ಇವನ್ನ ನಾನು ಗೊತ್ತು ಮಾಡಿರೋ ವರಸೇಲಿ, ಒಂದಾದ ಮೇಲೊಂದು, ಮುಟ್ಟಬೇಕು. ವರಸೆ ಸರಿಯಿದ್ದರೆ ಗಾಡಿ ಓಡುತ್ತೆ. ತಪ್ಪಿದರೆ ಇಂಜಿನ್ ಗುರ್ ಅಂತಿರುತ್ತೆ, ವೇಗ ಏರಲ್ಲ. ಆಕ್ಸಿಲರೇಟರನ್ನ ನೆಲಕ್ಕೆ ತುಳಿದರೂ ಏರಲ್ಲ. ಫಸ್ಟ್ ಗೇರ್ ಹಾಕಿದರೆ ತೆವಳುತ್ತೆ.”

“ಪೂರ್ತಿ ನಿಲ್ಲಿಸಿಬಿಟ್ಟರೆ ಆಗಲ್ವಾ?”

“ಸ್ಟಾರ್ಟೇ ಆಗದಿದ್ದರೆ ಕಳ್ಳ ಬೀಗ ಹುಡುಕ್ತಾನೆ. ಸ್ಟಾರ್ಟ್ ಆಗಿ ಓಡದಿದ್ದರೆ, ಥೂ, ದರಿದ್ರ ಗಾಡಿ, ಕೆಟ್ಟಿದೆ ಅಂತ ಬಿಟ್ಟು ಹೋಗ್ತಾನೆ.”

ಎಂಥಾ ತಲೆ ನೋಡಿ! ನನ್ನ ಮಗ ಇದೊಂದು ಒಳ್ಳೇ ಕೆಲಸ ಮಾಡಿದಾನೆ.

“ಸರಿ, ನಮ್ಮ ಕಾರಿನ ವರಸೆ ಏನು?”

“ಅದೊಂದು ಬಿಟ್ಟು ಕೇಳಿ.”

“ನಾನು ಯಾರಿಗೆ ಹೇಳ್ತೀನೇ?”

“ಯಾರಿಗೆ ಹೇಳಲ್ಲ, ಹೇಳಿ?”

ತಪ್ಪು ತಿಳ್ಕೋಬೇಡಿ, ಅವಳು ಕೆಟ್ಟವಳಲ್ಲ. ಆ ಕಾರು ಅವಳ ಬೋರ್ಡು ಇದ್ದ ಹಾಗೆ. ಗಿರಾಕಿಗಳು ಬಂದು ಮೊದಲು ಕೇಳೋದೇ ‘ನಿಮ್ಮ ಕಾರು ಸೇಫಾಗಿದ್ಯಾ’ ಅಂತ. ಬೀಗ ಹಾಕೋಳ ಕಾರೇ ಕಳವಾಯ್ತು ಅಂದರೆ ಮಾರನೇ ದಿನದಿಂದ ಯಾರೂ ಬಾಗಿಲು ತಟ್ಟಲ್ಲ. ಅದಕ್ಕೇ ಗಂಡನಿಗೂ ಹೇಳಿಲ್ಲ. (ಅವನು ಕೇಳಿಯೂ ಇಲ್ಲ.)

ನಮ್ಮ ಯಜಮಾನರೂ ಅಷ್ಟೇ. “ನಿನ್ನ ಹೊಟ್ಟೇಲಿ ಮಾತಿಡೋದೂ ಒಂದೇ, ಜರಡೀಲಿ ನೀರಿಡೋದೂ ಒಂದೇ” ಅಂತಿದ್ದರು. ತಾವು ಹೋಗೋ ವಿಷಯ ಕೂಡ ನನಗೆ ಮೊದಲೇ ಹೇಳಲಿಲ್ಲ. ಬೆಳಿಗ್ಗೆ ಟೀ ಕೇಳಿದರು, ತರೋಷ್ಟರಲ್ಲಿ ಇಲ್ಲ. ಹೇಳಿದ್ದರೆ ಬೀದಿಗೆಲ್ಲಾ ಸಾರಿ, ಜನ ಕೂಡಿಸಿ, ಹೋಗೋಕೇ ಬಿಡ್ತಿರಲಿಲ್ಲ ನಾನು.

(ಇದು ಈ ಕಥೆಗೆ ಬೇಡ. ಆದರೂ ಇರಲಿ, ಜಾಗ ಇದೆ.)

3

ಈಗ ಒಂದು ವಿಷಯ ಹೇಳ್ತೀನಿ. ಯಾರಿಗೂ ಹೇಳಬೇಡಿ.

ನನಗೆ ವರಸೆ ಗೊತ್ತಿತ್ತು.

ನಾನು ಓದಿದ್ದು ನಾಲ್ಕನೇ ಕ್ಲಾಸು. ನನ್ನ ಕಿವಿ ಓದಿದ್ದು ಎಂ.ಎ. ದಿನಾ ಬೆಳಿಗ್ಗೆ ಮುಂದಿನ ಕಿಟಕಿ ಹತ್ತಿರ ಕೂತಿರ್ತೀನಿ. ಸೊಸೆ ಕಾರಿಗೆ ಕೂತ್ಕೋತಾಳೆ. ಇಂಜಿನ್ ಗುರ್ ಅನ್ನುತ್ತೆ. ಆಮೇಲೆ, ಹೊರಡೋದಕ್ಕೆ ಮುಂಚೆ, ಮೂರು ಶಬ್ದ. ಕಿರ್ರ್. ಟಕ್ ಟಕ್. ಝುಂಯ್. ಅದಾದ ಮೇಲೆ ಕಾರು ಬಾಣ. ಮಳೆ ದಿನವೂ, ಬಿಸಿಲಿನ ದಿನವೂ, ಅದೇ ಮೂರು ಶಬ್ದ, ಅದೇ ವರಸೆ. ಬಾಣಲೇಲಿ ಸಾಸಿವೆ ಸಿಡಿದ ಶಬ್ದ ಕೇಳಿ ಎಣ್ಣೆ ಎಷ್ಟು ಕಾದಿದೆ ಅಂತ ಹೇಳೋಳು ನಾನು. ಇದು ಗೊತ್ತಾಗಲ್ವಾ?

(ಕಿರ್ರ್, ಟಕ್ ಟಕ್, ಝುಂಯ್, ಮೂರೂ ಸುಳ್ಳು. ನಿಜವಾದ ಶಬ್ದ ನಿಮಗೆ ಹೇಳ್ತೀನಾ? ನೀವು ಯಾರೋ ಏನೋ.)

ಹೇಳಬಹುದಿತ್ತಲ್ಲ, ‘ಲೇ ಹುಡುಗಿ, ನಿನ್ನ ಗುಟ್ಟು ನನ್ನ ಕಿವೀಲಿದೆ’ ಅಂತ? ಹೇಳಿದ್ದರೆ ಅವಳು ಅವತ್ತೇ ವರಸೆ ಬದಲಾಯಿಸ್ತಿದ್ಲು. ಅದೂ ಅಲ್ಲದೆ... ಅವಳಾಗೇ ಬಂದು ಪಕ್ಕ ಕೂತು, ‘ಅತ್ತೆ, ಇದು ನಿಮಗಿರಲಿ’ ಅಂತ ಹೇಳಲಿ ಅಂತ ನನಗೆ ಆಸೆ. ಕಾಯ್ತಿದ್ದೆ. ಬಾಯಿ ಮುಚ್ಕೊಂಡು. ನಾನು! ಹೊಟ್ಟೆ ಮಡಕೆ ಥರ ಉಬ್ಬಿ, ರಾತ್ರಿ ಮಗ್ಗುಲಾದರೆ ಒಳಗೆ ಗುಟ್ಟು ಗಡಗಡ ಅಂತ ಉರುಳೋದು ಕೇಳಿಸ್ತಿತ್ತು.

4

ವರಸೆ ಹೇಳಲಿಲ್ಲ ಸರಿ. ಮಿಕ್ಕಿದ್ದನ್ನ ಹೇಳಬಾರದು ಅಂತ ಯಾರೂ ಹೇಳಿರಲಿಲ್ಲವಲ್ಲ?

ಎದುರುಮನೆ ಟೈಲರಮ್ಮನಿಗೆ ಹೇಳಿದೆ. ಹಾಲಿನವನಿಗೆ, ಮೀಟರ್ ನೋಡೋಕೆ ಬಂದವನಿಗೆ ಹೇಳಿದೆ. “ನಮ್ಮ ಕಾರನ್ನ ದೇವರ ಅಪ್ಪ ಬಂದರೂ ಕದಿಯೋಕಾಗಲ್ಲ. ಕೀ ಕೈಗೇ ಕೊಟ್ಟರೂ ಆಗಲ್ಲ!” ಅಂತ.

ಆವತ್ತು ಮಧ್ಯಾಹ್ನ ಸೊಸೆ ಲ್ಯಾಪ್‌ಟಾಪ್ ಹೆಗಲಿಗೆ ಹಾಕ್ಕೊಂಡು ಹಿಂದಿನ ಬೀದಿ ಗಿರಾಕಿ ಮನೆಗೆ ನಡ್ಕೊಂಡೇ ಹೋಗಿದ್ಲು. ಮಗ ಕೆಲಸಕ್ಕೆ. ನಾನು ಬಾಗಿಲ ಮೆಟ್ಟಿಲ ಮೇಲೆ ಕೂತು ಬಟ್ಟಲಿಗೆ ಹಸಿ ಬಟಾಣಿ ಬಿಡಿಸ್ತಿದ್ದೆ. ಒಬ್ಬ ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದ. ಇಸ್ತ್ರಿ ಶರ್ಟು, ಬಾಚಿದ ತಲೆ. ಕಳ್ಳ ಅಂತ ಹಣೆ ಮೇಲೆ ಬರೆದಿರಲಿಲ್ಲ.

“ಅಜ್ಜಿ, ಈ ಕಾರು ಮಾರೋಕಿದ್ಯಾ?”

“ಮಾರೋಕಿಲ್ಲ. ಕದಿಯೋಕೂ ಆಗಲ್ಲ.”

“ಹಾಗಂದರೆ?”

ಕೂರಿಸಿದೆ. ನೀರು ಕೊಟ್ಟೆ. ಇಂಜಿನ್ ಕಂಪ್ಯೂಟರು, ಸಾಕೆಟ್ಟು, ವರಸೆ, ಗುರ್ ಅನ್ನೋದು, ಏರದೇ ಇರೋದು, ಎಲ್ಲಾ ಹೇಳಿದೆ. ಎಷ್ಟು ಚೆನ್ನಾಗಿ ಕೇಳಿದ ಅಂತೀರ! ನಡುನಡುವೆ “ಹೌದಾ!” ಅಂತಾನೆ, “ಆಮೇಲೆ?” ಅಂತಾನೆ. ನಮ್ಮನೇಲಿ ‘ಆಮೇಲೆ’ ಅನ್ನೋ ಮಾತು ಕೇಳಿ ವರ್ಷವೇ ಆಗಿತ್ತು.

ಎಲ್ಲಾ ಕೇಳಿ ಕೊನೆಗೆ ಒಂದು ನಗು ನಕ್ಕ.

“ಎಲ್ಲರೂ ಹೀಗೇ ಹೇಳ್ತಾರೆ ಅಜ್ಜಿ. ಕೀ ಒಂದಿದ್ದರೆ ಯಾವ ಕಾರಾದರೂ ಹೋಗುತ್ತೆ.”

“ಏನಂದೆ?”

“ಬೇಜಾರಾಗಬೇಡಿ. ನಿಮ್ಮ ಸೊಸೆ ನಿಮಗೆ ಏನೋ ಕತೆ ಕಟ್ಟಿದಾರೆ ಅಷ್ಟೇ.”

ಸೊಸೇನ ನಾನು ಬೈಬಹುದು. ಊರವನು ಬೈಯೋದಾ? ಕೀ ಬಾಗಿಲ ಹಿಂದಿನ ಮೊಳೆ ಮೇಲಿತ್ತು. ಎದ್ದೆ, ತಂದೆ, ಅವನ ಅಂಗೈಗೆ ಪಟ್ ಅಂತ ಇಟ್ಟೆ.

“ತಗೋ. ಓಡಿಸು ನೋಡೋಣ.”

(ಇಲ್ಲಿ ನನ್ನನ್ನ ಬೈಯೋರು ಬೈದುಬಿಡಿ. ಕಾಯ್ತೀನಿ. ಆಯ್ತಾ? ಅತ್ತ ಮೂಲೇಲಿ ಇನ್ನೂ ಒಬ್ಬರು ಬೈತಿದಾರೆ. ಇರಲಿ, ಮುಗಿಸಲಿ.)

“ನೋಡಿದ್ರಾ?” ಕಳ್ಳ ನಿಮ್ಮ ಕಡೆ ತಿರುಗಿ ಹೇಳ್ತಾನೆ. “ಕರೆದು ಕೂರಿಸಿದ್ದು ಇವರು. ಕೀ ಕೊಟ್ಟಿದ್ದು ಇವರು. ಓಡಿಸು ಅಂದಿದ್ದು ಇವರು. ಈಗ ಕಳ್ಳ ಅನ್ನೋದೂ ಇವರೇ.”

“ಕಾರಿನ ಸುತ್ತ ಸುತ್ತು ಹಾಕಿದ್ದು ಯಾಕೆ?”

“ನೋಡೋಕೆ.”

“ಕೂತ ತಕ್ಷಣ ಬಾಗಿಲು ಲಾಕ್ ಮಾಡ್ಕೊಂಡಿದ್ದು ಯಾಕೆ?”

ಈಗ ಬಾಚಿದ ತಲೇನೇ ಮತ್ತೆ ಬಾಚ್ಕೋತಾನೆ. ಮುಂದೆ ಹೋಗೋಣ.

5

ಕಾರು ಸ್ಟಾರ್ಟ್ ಆಯ್ತು. ಗುರ್. ಅವನು ಕಿಟಕಿಯಿಂದ ಒಂದು ಕೈ ಬೀಸಿದ, ಗೇರ್ ಹಾಕಿದ, ಆಕ್ಸಿಲರೇಟರ್ ತುಳಿದ.

ಕಾರು ತೆವಳಿತು.

ಎಷ್ಟು ನಿಧಾನ ಅಂದರೆ, ಹಿಂದಿನಿಂದ ಒಂದು ಬಸವನಹುಳು ಹಾರ್ನ್ ಹೊಡೀತು. ಪಕ್ಕಕ್ಕೆ ಸರಿದು ದಾರಿ ಬಿಟ್ಟೆವು, ದಾಟಿ ಹೋಯ್ತು. ನಾನು ಬಟಾಣಿ ಬಟ್ಟಲು ಹಿಡ್ಕೊಂಡೇ ಎದ್ದು ಪಕ್ಕದಲ್ಲಿ ನಡೆಯೋಕೆ ಶುರು ಮಾಡಿದೆ. ಮಂಡಿ ನೋವಿನ ಮುದುಕಿ ನಾನು, ಆದರೂ ಆಗಾಗ ನಿಂತು ಕಾರಿಗೆ ಕಾಯಬೇಕಾಯ್ತು.

“ಎಲ್ಲಿಗಪ್ಪಾ ಸವಾರಿ?” ಕಿಟಕಿಯಲ್ಲಿ ಬಗ್ಗಿ ಕೇಳಿದೆ.

“ಒಂದು ರೌಂಡ್ ಅಜ್ಜಿ.”

“ಹೋಗ್ಬಾ ಹೋಗ್ಬಾ. ನೀನು ವಾಪಸ್ ಬರೋಷ್ಟರಲ್ಲಿ ನಾನು ಸತ್ತಿರ್ತೀನಿ. ಕೀ ಮೊಳೆಗೆ ಹಾಕಿಬಿಡು.”

ಆದರೆ ಅವನು ಬಿಟ್ಟು ಇಳಿಯಲಿಲ್ಲ. ಇಲ್ಲೇ ನಾನು ಮಾಡಿದ ಘನಕಾರ್ಯ ನೋಡಿ. ಗಾಡಿ ಕೆಟ್ಟಿದೆ ಅಂತ ತಿಳ್ಕೊಂಡು ಕಳ್ಳ ಬಿಟ್ಟು ಹೋಗ್ಲಿ ಅಂತ ಸೊಸೆ ಅಷ್ಟು ತಲೆ ಓಡಿಸಿ ಮಾಡಿದ್ಲು. ನಾನು ಇವನಿಗೆ ಕೂರಿಸಿ, ನೀರು ಕೊಟ್ಟು, ಇದು ಕೆಟ್ಟಿರಲ್ಲ ಕಣಪ್ಪಾ, ವರಸೆ ಬೇಕು ಅಷ್ಟೇ, ಅಂತ ಪಾಠ ಮಾಡಿದ್ದೆ!

ಅದಕ್ಕೇ ಅವನು ಸಿಕ್ಕಿದ್ದೆಲ್ಲಾ ಒತ್ತೋಕೆ ಶುರು ಮಾಡಿದ. ವೈಪರ್ ಆಡಿಸಿದ. ಲೈಟ್ ಹಾಕಿದ, ಆರಿಸಿದ. ಗಾಜು ಇಳಿಸಿದ, ಏರಿಸಿದ. ಎಡಗಡೆ ಇಂಡಿಕೇಟರು, ಬಲಗಡೆ ಇಂಡಿಕೇಟರು, ಹಾರ್ನು, ಫ್ಯಾನು. ನಮ್ಮ ಕಾರು ನಡು ಮಧ್ಯಾಹ್ನ ಬೀದೀಲಿ ಮೈಮೇಲೆ ಬಂದವರ ಥರ ಕುಣೀತಾ ಹೋಯ್ತು.

ಟೈಲರಮ್ಮ ಮಷಿನ್ ನಿಲ್ಲಿಸಿ ಕಿಟಕಿಗೆ ಬಂದ್ಲು.

“ಏನ್ರೀ ಅದು? ಎಲ್ಲಿಗೆ ಹೊರಟ್ರಿ?”

“ಇವನು ನಮ್ಮ ಕಾರು ಕದೀತಿದಾನೆ ಕಣ್ರೀ! ಬಿಟ್ಟು ಬರೋಕೆ ಹೊರಟೆ!”

ನಕ್ಕು ನಕ್ಕು ಅವಳಿಗೆ ಕೆಮ್ಮು ಬಂತು. “ನಿಮ್ಮ ತಮಾಷೆಗೆ ಕೊನೇನೇ ಇಲ್ಲ” ಅಂತ ಮತ್ತೆ ಮಷಿನ್ ತುಳಿಯೋಕೆ ಹೋದ್ಲು.

ಅವಳದೇನು ತಪ್ಪು? ಹೋದ ವಾರವಷ್ಟೇ ಬೀದೀಲಿ ಆನೆ ಹೋಯ್ತು ಅಂತ ಅವಳನ್ನ ಹೊರಗೆ ಓಡಿಸಿದ್ದೆ. (ಎಮ್ಮೆ. ದೊಡ್ಡದು.) ಜೀವಮಾನ ಪೂರ್ತಿ ಇಲಿಯನ್ನ ಹುಲಿ ಮಾಡಿದೆ, ಆವತ್ತು ಹುಲಿ ಬಂದು ನಿಂತರೆ ಎಲ್ಲರಿಗೂ ಇಲಿ ಕಾಣಿಸ್ತು.

ಆಗ ನನಗೆ ಮೊದಲನೇ ಸಲ ಹೆದರಿಕೆ ಆಯ್ತು. ಇವನ ಕೈ ಎಲ್ಲಾ ಗುಂಡಿ ಮೇಲೂ ಆಡ್ತಿದೆ. ಎಲ್ಲೋ ಒಂದು ಕಡೆ ವರಸೆ ಕೂಡಿ ಬಂದರೆ?

6

ನಮ್ಮ ಬೀದಿಯ ತುದೀಲಿ ಒಂದು ಏರು. ಏರು ಹತ್ತಿದರೆ ದೊಡ್ಡ ರಸ್ತೆ, ದೊಡ್ಡ ರಸ್ತೆ ಸೇರಿದ ಕಾರು ಕಡಲು ಸೇರಿದ ಮೀನು.

ಏರಿನ ಬುಡಕ್ಕೆ ಬಂದು ಕಾರು ಎರಡು ಸಲ ನಡುಗಿ ಆಫ್ ಆಯ್ತು. ಮತ್ತೆ ಸ್ಟಾರ್ಟ್ ಮಾಡಿದ. ಮತ್ತೆ ನಡುಕ, ಮತ್ತೆ ಆಫ್. ಹಿಂದಕ್ಕೆ ಜಾರಿತು. ಬ್ರೇಕ್ ತುಳಿದು ಸ್ಟೇರಿಂಗ್ ಮೇಲೆ ಹಣೆ ಇಟ್ಟ. ಬೆವರು ಧಾರೆ. ಇಸ್ತ್ರಿ ಶರ್ಟು ಬೆನ್ನಿಗಂಟಿತ್ತು.

(ಇಲ್ಲಿ ನಾನು ಒಂದು ಸಲ ಹೀಗೂ ಬರೆದಿದ್ದೆ: ‘ಮುದುಕಿ ಅವನ ಕಾಲರ್ ಹಿಡಿದು ಕಿಟಕಿಯಿಂದ ಹೊರಗೆಳೆದು ನಾಲ್ಕು ಬಾರಿಸಿದಳು.’ ಓದೋಕೆ ಚೆನ್ನಾಗಿತ್ತು. ಕಳ್ಳ ಒಪ್ಪಲಿಲ್ಲ. “ಕಿಟಕಿಯಿಂದ ನಾನು ಹೊರಗೆ ಬರಲ್ಲ ಅಜ್ಜಿ, ಭುಜ ಸಿಕ್ಕಾಕ್ಕೊಳುತ್ತೆ” ಅಂದ. ಅದೂ ಸರಿ.)

ತಲೆ ಎತ್ತಿ ನನ್ನ ನೋಡಿದ. ದನಿ ಮೆತ್ತಗಾಗಿತ್ತು.

“ಅಜ್ಜಿ, ಸೋತೆ. ನಿಮ್ಮ ಸೊಸೆ ಭಾರೀ ಜಾಣೆ.”

“ಮತ್ತೆ? ಏನಂದ್ಕೊಂಡೆ!”

“ಇಷ್ಟು ಜಾಣೆ ಅಂದ ಮೇಲೆ ನಿಮಗೂ ಹೇಳಿರಲ್ಲ ಬಿಡಿ.”

“ಏನು?”

“ವರಸೆ. ಮನೇಲಿ ವಯಸ್ಸಾದೋರಿಗೆ ಯಾರು ಹೇಳ್ತಾರೆ ಇಂಥದ್ದೆಲ್ಲಾ? ಬಾಗಿಲು ಕಾಯೋಕೆ ಬೇಕು, ಬಟಾಣಿ ಬಿಡಿಸೋಕೆ ಬೇಕು. ಗುಟ್ಟು ಹೇಳೋಕೆ ಬೇಡ. ನಮ್ಮಮ್ಮಂಗೂ ನಾವು ಏನೂ ಹೇಳಲ್ಲ.”

ಎಲ್ಲಿಗೆ ಚುಚ್ಚಬೇಕು ಅಂತ ಸೊಸೆಗೆ ಗೊತ್ತಿರೋದು ಕಾರಿನ ಸಾಕೆಟ್. ಇವನಿಗೆ ಗೊತ್ತಿದ್ದದ್ದು ಮನುಷ್ಯರ ಸಾಕೆಟ್.

ನನಗೆ ಮೈಯೆಲ್ಲಾ ಉರಿದುಹೋಯ್ತು. ನನಗೆ ಗೊತ್ತಿಲ್ವಾ? ನನಗೆ? ಕಿವೀಲಿ ಮೂರೂ ಶಬ್ದ ಒಟ್ಟಿಗೆ ಎದ್ದು ನಿಂತವು. ಹೊಟ್ಟೇಲಿ ಉರುಳ್ತಿದ್ದ ಗುಟ್ಟು ಎದೆಗೆ ಬಂತು, ಗಂಟಲಿಗೆ ಬಂತು, ನಾಲಿಗೆ ತುದೀಗೆ ಬಂದು ಕಾಲು ಚಾಚಿ ಕೂತ್ಕೊಳ್ತು. ಬಾಯಿ ತೆರೆದೇಬಿಟ್ಟಿತ್ತು. “ಮೊದಲು...” ಅಂತ ಅಂದೂ ಬಿಟ್ಟೆ.

“ಹಾಂ, ಮೊದಲು?” ಅಂದ ಅವನು. ಎಷ್ಟು ಪ್ರೀತಿಯಿಂದ ಅಂತೀರ.

ಕೈಯಲ್ಲಿ ಬಟ್ಟಲಿತ್ತು. ಹಿಡಿ ತುಂಬಾ ಹಸಿ ಬಟಾಣಿ ತಗೊಂಡು ಬಾಯಿಗೆ ತುರುಕಿದೆ. ಇನ್ನೊಂದು ಹಿಡಿ. ಮತ್ತೊಂದು. ಹಲ್ಲು ಮೊದಲೇ ಕಮ್ಮಿ, ಅಗಿಯೋ ಹಾಗಿಲ್ಲ, ನುಂಗೋ ಹಾಗಿಲ್ಲ. ಎರಡೂ ಕೆನ್ನೆ ಬಲೂನು. ಕಣ್ಣಲ್ಲಿ ನೀರು.

“ಅಜ್ಜಿ? ಮೊದಲು ಏನು ಅಜ್ಜಿ?”

“ಮ್ಮ್ಮ್” ಅಂದೆ.

ಗುಟ್ಟು ಇಟ್ಕೊಳ್ಳೋಕೆ ಇಷ್ಟು ಜಾಗ ಬೇಕು ಅಂತ ನನಗೆ ಗೊತ್ತೇ ಇರಲಿಲ್ಲ.

7

ಸರಿಯಾಗಿ ಆಗ ಸೊಸೆ ಬಂದ್ಲು. ಹಿಂದಿನ ಬೀದಿಯಿಂದ ಬರೋ ಸಂದಿ ಅಲ್ಲೇ ಸೇರೋದು. (ಕಥೇಲಿ ಯಾವಾಗಲೂ ಸರಿಯಾದ ಹೊತ್ತಿಗೆ ಬರ್ತಾರೆ ಅಂತ ಮೂಗು ಮುರೀಬೇಡಿ. ಗಿರಾಕಿ ಮನೇಲಿ ಇರಲಿಲ್ಲವಂತೆ. ನಾನೇನು ಮಾಡಲಿ?)

ಅವಳು ನೋಡಿದ್ದು ಏನು? ಏರಿನ ಬುಡದಲ್ಲಿ ತನ್ನ ಕಾರು. ಒಳಗೆ ಯಾರೋ. ಪಕ್ಕದಲ್ಲಿ ಅತ್ತೆ.

ಕಾರು ನೋಡಿ ಅವಳು ಗಾಬರಿಯಾಗಲಿಲ್ಲ. ಒಳಗಿದ್ದವನನ್ನ ನೋಡಿ ಗಾಬರಿಯಾಗಲಿಲ್ಲ. “ಏನತ್ತೆ ಇದು?” ಅಂತ ಕೇಳಿದ್ಲು, ನಾನು ಮಾತಾಡಲಿಲ್ಲ. ಆಗ ಗಾಬರಿಯಾದ್ಲು.

“ಅತ್ತೆ? ಅತ್ತೆ, ಮಾತಾಡಿ! ಮುಖ ಯಾಕೆ ಊದಿದೆ? ಅಯ್ಯೋ, ಬಾಯಿ ಬಿದ್ದುಹೋಗಿದೆ! ಸ್ಟ್ರೋಕು!”

“ಮ್ಮ್! ಮ್ಮ್ಮ್!” ಅಂತ ನಾನು ಅವನ ಕಡೆ ಕೈ ತೋರಿಸ್ತೀನಿ.

“ಹೌದು ಅತ್ತೆ, ಗೊತ್ತಾಯ್ತು, ಇವರು ನಿಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಬಂದಿದಾರೆ. ಪುಣ್ಯಾತ್ಮರು ಕಣ್ರೀ ನೀವು! ಪಾಪ, ಗಾಡಿ ಓಡಿಲ್ಲ. ಇಳೀರಿ, ಹಿಂದೆ ಕೂತ್ಕೊಳ್ಳಿ, ಇವರ ತಲೆ ಅಲ್ಲಾಡದ ಹಾಗೆ ಹಿಡ್ಕೊಳ್ಳಿ!”

ಪುಣ್ಯಾತ್ಮ ಇಳಿದ. ಹಿಂದೆ ಕೂತ. ನನ್ನನ್ನ ಮುಂದಿನ ಸೀಟಿಗೆ ದಬ್ಬಿದ್ಲು. ಅವನು ಹಿಂದಿನಿಂದ ನನ್ನ ತಲೇನ ಎರಡೂ ಕೈಯಲ್ಲಿ ಕುಂಬಳಕಾಯಿ ಹಿಡಿದ ಹಾಗೆ ಹಿಡ್ಕೊಂಡ.

ಸೊಸೆ ಕೀ ತಿರುಗಿಸಿದ್ಲು. ಗುರ್. ಅವಳ ಕೈ ಮೊದಲನೇದರ ಕಡೆ ಹೋಯ್ತು. ಅವನು ಕತ್ತು ಉದ್ದ ಮಾಡಿದ.

ನಾನು ಇಷ್ಟು ಕಷ್ಟಪಟ್ಟು, ಹಸಿ ಬಟಾಣಿ ತುರುಕ್ಕೊಂಡು ಉಳಿಸಿದ ಗುಟ್ಟನ್ನ ಇವಳು ಕಳ್ಳನ ಕಣ್ಣ ಮುಂದೆ ಬಿಚ್ಚೋಕೆ ಹೊರಟಿದಾಳೆ! ನಾನು ಸುಮ್ಮನಿದ್ದೆ ಅಂತಲೇ ಬಿಚ್ಚೋಕೆ ಹೊರಟಿದಾಳೆ! ಎರಡೂ ಕೈ ಹಿಂದಕ್ಕೆ ಹಾಕಿ ಅವನ ಕಣ್ಣು ಮುಚ್ಚಿದೆ.

“ಕೈ ಎಳೀತಿದೆ! ಫಿಟ್ಸ್ ಬೇರೆ! ಗಟ್ಟಿಯಾಗಿ ಹಿಡ್ಕೊಳ್ರೀ!” ಅಂತ ಸೊಸೆ ಕಿರುಚಿದ್ಲು. ಕಿರುಚ್ತಾನೇ ವರಸೆ ಮುಗಿಸಿದ್ಲು.

ಅವನು ನೋಡಿದನಾ? ನನಗೆ ಗೊತ್ತಿಲ್ಲ. ನನ್ನದು ಮುದಿ ಬೆರಳು, ಸಂದಿ ಜಾಸ್ತಿ.

ನಾನು ಮಾತ್ರ ನೋಡಿದೆ, ವಾರೆಗಣ್ಣಲ್ಲಿ. ನೋಡಿ ನನಗೆ ನಿಜವಾಗಲೂ ಸ್ಟ್ರೋಕ್ ಹೊಡೆಯೋದು ಬಾಕಿ. ಮೂರಲ್ಲ, ನಾಲ್ಕು! ನಡುವೆ ಒಂದು, ಶಬ್ದವೇ ಇಲ್ಲದ್ದು. ಎಂ.ಎ. ಮಾಡಿದ ಕಿವಿಗೂ ಸಿಗದೇ ಇರೋದು. ಅಂದರೆ ನಾನು ಅವನಿಗೆ ಮೂರನ್ನೂ ಬಾಯಿಬಿಟ್ಟಿದ್ದರೂ ಕಾರು ಒಂದಡಿ ಏರ್ತಿರಲಿಲ್ಲ. ಅಷ್ಟು ಬಟಾಣಿ ದಂಡ!

ಕಾರು ಏರನ್ನ ಹದ್ದಿನ ಹಾಗೆ ಹಾರಿ ದೊಡ್ಡ ರಸ್ತೆಗೆ ಬಿತ್ತು. ಬಿದ್ದ ರಭಸಕ್ಕೆ ನನ್ನ ಬಾಯಿಂದ ಬಟಾಣಿ ತೋಪಿನ ಗುಂಡು ಸಿಡಿದ ಹಾಗೆ ಗಾಜಿಗೆ ಸಿಡೀತು.

“ಕಳ್ಳ!” ಅಂದೆ.

ಬ್ರೇಕ್.

ಅವನು ನನ್ನ ತಲೇನ ಮೆತ್ತಗೆ ಬಿಟ್ಟ. ಬಾಗಿಲು ತೆಗೆದ. “ಹುಷಾರು ಅಜ್ಜಿ” ಅಂದ. ಇಳಿದು, ಓಡಲಿಲ್ಲ ನೋಡಿ, ನಡ್ಕೊಂಡು ಹೋದ. ಜನರ ನಡುವೆ ಬೆವರಿದ ಬೆನ್ನೊಂದು ಸ್ವಲ್ಪ ಹೊತ್ತು ಕಾಣಿಸ್ತಿತ್ತು.

8

ಕಾರಲ್ಲಿ ನಾವಿಬ್ಬರೇ. ಇಂಜಿನ್ ಗುರ್ ಅಂತಿತ್ತು. ಡ್ಯಾಶ್‌ಬೋರ್ಡ್ ತುಂಬಾ ಬಟಾಣಿ. ಕೀ ಕೊಟ್ಟಿದ್ದರಿಂದ ಹಿಡಿದು ಎಲ್ಲಾ ಹೇಳಿದೆ. ಸೊಸೆ ಬೈಯಲಿಲ್ಲ. ಸ್ಟೇರಿಂಗ್ ಮೇಲಿದ್ದ ಒಂದು ಕಾಳು ತೆಗೆದು ಬೆರಳಲ್ಲಿ ಉರುಳಿಸ್ತಾ ಕೂತ್ಲು.

“ಬಾಯಿಗೆ ಬಟಾಣಿ ಯಾಕೆ ತುಂಬಿಕೊಂಡ್ರಿ ಅತ್ತೆ?”

“ಹೇಳಿಬಿಡ್ತೀನೇನೋ ಅಂತ.”

“ಏನನ್ನ?”

ನಾನು ಸುಮ್ಮನಿದ್ದೆ. ಈ ಸಲ ಬಾಯಲ್ಲಿ ಏನೂ ಇರಲಿಲ್ಲ.

ಅವಳು ತಿರುಗಿ ನನ್ನ ಮುಖ ನೋಡಿದ್ಲು. ಅವಳ ಕಂಪ್ಯೂಟರ್ ತಲೆಯೊಳಗೆ ಒಂದೊಂದೇ ಕೂಡ್ತಾ ಬಂತು: ಕಿಟಕಿ, ಬೆಳಿಗ್ಗೆ, ಮುದುಕಿ, ಕಿವಿ.

“ಯಾವಾಗಿಂದ ಗೊತ್ತು?”

“ಹಾಕಿದ ವಾರದಿಂದ.”

“ಯಾರಿಗೆ ಹೇಳಿದ್ರಿ?”

“ಯಾರಿಗೂ ಇಲ್ಲ.”

ನನ್ನ ಜೀವಮಾನದಲ್ಲಿ ನಾನಾಡಿದ ಅತಿ ಚಿಕ್ಕ ಮಾತು ಅದು. ಮುಂದೆ ಒಂದು ಆನೆ ಕಟ್ಟಲಿಲ್ಲ, ಹಿಂದೆ ಒಂದು ಹುಲಿ ಕಟ್ಟಲಿಲ್ಲ. ಅದಕ್ಕೇ ಅದು ಎಲ್ಲಕ್ಕಿಂತ ದೊಡ್ಡ ಸುಳ್ಳಿನ ಹಾಗೆ ಕೇಳಿಸ್ತು, ನನಗೂ.

ಅವಳು ನಂಬಿದಳಾ?

9

ಕಾರಿನ ಮಾತು ಬಿಡಿ, ಅದು ವಾಪಸ್ ಸಿಕ್ಕಿತಲ್ಲ. ಈಗ ಉಳಿದಿರೋದು ಇದೊಂದೇ, ಅವಳು ನಂಬಿದಳಾ ಅನ್ನೋದು. ಮುಗಿಸೋ ದಾರಿ ಮೂರಿದೆ. ನಿಮಗೆ ಬೇಕಾದ್ದು ತಗೊಳ್ಳಿ.

ಮೊದಲನೇದು. ಮಾರನೇ ದಿನ ಸೊಸೆ ಸ್ಟೇರಿಂಗ್ ಕೆಳಗೆ ವೈರ್ ಚುಚ್ಚಿ ವರಸೆ ಬದಲಾಯಿಸಿದ್ಲು. ಬದಲಾಯಿಸಲೇಬೇಕು, ಕಳ್ಳ ನೋಡಿದನೋ ಏನೋ. ಆಮೇಲೆ ಒಳಗೆ ಬಂದು ನನ್ನ ಪಕ್ಕ ಕೂತು, “ಅತ್ತೆ, ಇದು ನಿಮಗಿರಲಿ” ಅಂತ ಕಿವೀಲಿ ಹೇಳಿದ್ಲು. (ಚೆನ್ನಾಗಿದೆ ಅಲ್ವಾ? ತೀರಾ ಚೆನ್ನಾಗಿದೆ. ನಾನೇ ನಂಬಲ್ಲ.)

ಎರಡನೇದು. ಬದಲಾಯಿಸಿದ್ಲು, ಹೇಳಲಿಲ್ಲ. ಹೊಸ ವರಸೇಲಿ ಒಂದಕ್ಕೂ ಶಬ್ದವೇ ಇಲ್ಲ. ಬೆಳಿಗ್ಗೆ ಗುರ್, ಆಮೇಲೆ ಮೌನ, ಆಮೇಲೆ ಬಾಣ. ನಾನು ಕಿಟಕೀಲಿ ಕಿವಿ ಇಟ್ಕೊಂಡು ಮೌನದಲ್ಲಿ ಏನಾದರೂ ಸಿಗುತ್ತಾ ಅಂತ ಹುಡುಕ್ತಾ ಇದೀನಿ. (ಇದು ನ್ಯಾಯ. ಕೀ ಕೊಟ್ಟೋಳಿಗೆ ಇದೇ ಆಗಬೇಕು.)

ಮೂರನೇದು. ಬದಲಾಯಿಸಿದ್ಲು, ಹೇಳಲಿಲ್ಲ. ಆದರೆ ಈಗ ದಿನಾ ಬೆಳಿಗ್ಗೆ ಕಾರಿಗೆ ಕೂತವಳೇ ಮೊದಲು ನನ್ನ ಕಿಟಕಿ ಕಡೆಯ ಗಾಜನ್ನ ಪೂರ್ತಿ ಇಳಿಸ್ತಾಳೆ. ಮುಂಚೆ ಹಾಗೆ ಮಾಡ್ತಿರಲಿಲ್ಲ. ಆಮೇಲೆ ಒಂದೊಂದೇ ಶಬ್ದ, ನಡುನಡುವೆ ಉಸಿರು ಬಿಡೋಷ್ಟು ಜಾಗ ಬಿಟ್ಟು, ಮಗ್ಗಿ ಹೇಳಿಕೊಡೋ ಮೇಷ್ಟರ ಹಾಗೆ. ಒಂದು ಕಡೆ ಶಬ್ದ ಬರಲ್ಲ. ಅಲ್ಲಿ ಮಾತ್ರ, ಆ ಶಬ್ದವಿಲ್ಲದ್ದು ಬರೋ ಜಾಗದಲ್ಲಿ, ಅವಳು ಸಣ್ಣಗೆ ಕೆಮ್ಮುತ್ತಾಳೆ. ನನ್ನ ಕಡೆ ನೋಡಲ್ಲ. ನಾನೂ ಅವಳ ಕಡೆ ನೋಡಲ್ಲ, ಬಟಾಣಿ ನೋಡ್ತಿರ್ತೀನಿ.

“ಅಜ್ಜಿ,” ಕಳ್ಳ ಕೇಳ್ತಾನೆ, “ಮೂರರಲ್ಲಿ ಯಾವುದು ನಿಜ?”

ಇವನಿಗೆ ಇನ್ನೂ ಆಸೆ ಹೋಗಿಲ್ಲ ನೋಡಿ. ಮೂರನೇದು ನಿಜ ಅಂದರೆ ನಾಳೆ ಬೆಳಿಗ್ಗೆ ಬಂದು ನಮ್ಮ ಕಿಟಕಿ ಕೆಳಗೆ ಕಿವಿ ಇಟ್ಕೊಂಡು ಕೂತಿರ್ತಾನೆ. ನೀವೂ ಅಷ್ಟೇ, ಆವಾಗಿಂದ ಕತ್ತು ಉದ್ದ ಮಾಡ್ಕೊಂಡು ಓದ್ತಿದೀರ. ‘ಆಮೇಲೆ?’ ಅಂತೀರ. ‘ಮೊದಲು ಏನು?’ ಅಂತೀರ. ಎಷ್ಟು ಪ್ರೀತಿಯಿಂದ ಕೇಳ್ತೀರ!

ತಾಳಿ. ಬಟ್ಟಲು ಇಲ್ಲೇ ಇದೆ. ಒಂದು ಹಿಡಿ. ಇನ್ನೊಂದು ಹಿಡಿ.

ಹ್ಮ್ಮ್. ಈಗ ಏನು ಬೇಕೋ ಕೇಳಿ.